ಏಳನೇ ವಿಭಾಗದ ಪರೀಕ್ಷೆ

2007ರ ಜೂನ್ ತಿಂಗಳ ಮೊದಲ ಸೋಮವಾರ, ಕೊಪ್ಪಳದಲ್ಲಿದ್ದ ನಮ್ಮ ಪತ್ರಿಕೆಯ ಜಿಲ್ಲಾ ಕಚೇರಿಯ ಸರ್ವರ್ ಹೊಸ ಆವೃತ್ತಿಗೆ ಬದಲಾಯಿತು. ಗಂಗಾವತಿ ಮತ್ತು ಕುಷ್ಟಗಿಯ ವರದಿಗಾರರು ಹೊಸ ಪ್ರೋಗ್ರಾಂನಿಂದ ಸುದ್ದಿ ಕಳಿಸಿದರು. ಯಲಬುರ್ಗಾದ ವರದಿಗಾರರು ಹಳೆಯ ಪ್ರೋಗ್ರಾಂನಿಂದಲೇ ಕಳಿಸಿದರು. ಮೂರೂ ಕಡೆಯ ಸುದ್ದಿ ಬಂದು ಸೇರಿತು. ಮರುದಿನದ ಪತ್ರಿಕೆ ಸಮಯಕ್ಕೆ ಸರಿಯಾಗಿ ಅಚ್ಚಾಯಿತು.

ಆಗ ನಾನು ಆ ಕಚೇರಿಯ ಸುದ್ದಿ ಮೇಜಿನ ಹೊಣೆ ಹೊತ್ತಿದ್ದೆ. 1997ರಲ್ಲಿ ಕೊಪ್ಪಳ ಜಿಲ್ಲೆಯಾದ ಮೇಲೆ ಕಚೇರಿ ತೆರೆಯಿತು, ನಾನೂ ಸೇರಿದೆ. ಮೊದಮೊದಲು ತಾಲ್ಲೂಕಿನ ಸುದ್ದಿ ಸಂಜೆಯ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಲಕೋಟೆಯಾಗಿ ಬರುತ್ತಿತ್ತು. ತುರ್ತಾದರೆ ಫ್ಯಾಕ್ಸ್. ಕೆಲವು ವರ್ಷಗಳ ನಂತರ ತಾಲ್ಲೂಕಿಗೊಂದು ಕಂಪ್ಯೂಟರ್ ಕೊಟ್ಟು, ಅದರಲ್ಲಿ ಒಂದು ಸಣ್ಣ ಪ್ರೋಗ್ರಾಂ ಹಾಕಲಾಯಿತು. ವರದಿಗಾರರು ಸುದ್ದಿ ಟೈಪು ಮಾಡಿ ಫೋನ್ ಲೈನಿನ ಮೂಲಕ ಕಳಿಸಿದರೆ ಅದು ಕೊಪ್ಪಳದ ಸರ್ವರ್‌ನಲ್ಲಿ ಕೂಡುತ್ತಿತ್ತು. ಸುದ್ದಿಗೆ ಎಂಟು ವಿಭಾಗಗಳಿದ್ದವು, ಪ್ರತಿಯೊಂದಕ್ಕೂ ಒಂದು ಅಂಕಿ. ಅಪಘಾತ ಒಂದು, ಕೃಷಿ ಎರಡು, ಹೀಗೆ. ನಿಧನ ವಾರ್ತೆ ಏಳು. ಸುದ್ದಿ ಪೂರ್ತಿ ಬಂದರೆ ಸರ್ವರ್ ‘ಮುಟ್ಟಿತು’ ಎಂದು ಉತ್ತರ ಕೊಡುತ್ತಿತ್ತು, ಅರ್ಧಕ್ಕೆ ಕಡಿದರೆ ‘ಮುಟ್ಟಲಿಲ್ಲ’. ಆ ಪ್ರೋಗ್ರಾಂಗೆ ತಿಳಿಯುತ್ತಿದ್ದುದು ಈ ಎರಡೇ ಉತ್ತರ. ಬೇರೆ ಏನು ಹೇಳಿದರೂ ಅದು ಅಲ್ಲಿಗೇ ನಿಂತುಬಿಡುತ್ತಿತ್ತು, ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಬೇಕಾಗುತ್ತಿತ್ತು.

ಹೊಸ ಆವೃತ್ತಿಯನ್ನು ಬರೆದವಳು ಗಂಗಾವತಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಹೆಣ್ಣುಮಗಳು. ನಾವೆಲ್ಲ ಮೇಡಂ ಅನ್ನುತ್ತಿದ್ದೆವು. ಹೊಸದರಲ್ಲಿ ಚಿತ್ರ ಕಳಿಸಬಹುದಿತ್ತು, ಅಕ್ಷರಗಳು ಕಲಸಿಹೋಗುತ್ತಿರಲಿಲ್ಲ. ಸರ್ವರ್ ಬರೀ ಉತ್ತರ ಕೊಡದೆ ತಿರುಗಿ ಪ್ರಶ್ನೆಯನ್ನೂ ಕೇಳಬಲ್ಲದಾಗಿತ್ತು. ಅದಕ್ಕೊಂದು ಕಾರಣವಿತ್ತು. ಹಿಂದಿನ ವರ್ಷ ಗಂಗಾವತಿಯಲ್ಲಿ ಯಾರೋ ಕಿಡಿಗೇಡಿಗಳು ಬದುಕಿದ್ದ ಅಕ್ಕಿ ಗಿರಣಿ ಮಾಲೀಕರೊಬ್ಬರ ನಿಧನ ವಾರ್ತೆಯನ್ನು ನಮ್ಮ ವರದಿಗಾರರಿಗೆ ಕೊಟ್ಟಿದ್ದರು. ಅದು ಅಚ್ಚಾಯಿತು. ಬೆಳಿಗ್ಗೆ ಹೂಮಾಲೆ ಹಿಡಿದು ಹೋದವರಿಗೆ ಅವರೇ ಬಾಗಿಲು ತೆರೆದರು. ಅಂದಿನಿಂದ ನಿಧನ ವಾರ್ತೆಯ ಜೊತೆ ಮನೆಯವರ ಫೋನ್ ನಂಬರ್ ಬೇಕು, ಕೊಪ್ಪಳದಿಂದ ಫೋನ್ ಮಾಡಿ ಖಚಿತಪಡಿಸಿಕೊಂಡೇ ಹಾಕಬೇಕು ಎಂದಾಯಿತು. ಹೊಸ ಸರ್ವರ್ ಏಳನೇ ವಿಭಾಗದ ಸುದ್ದಿ ಬಂದ ಕೂಡಲೇ ನಂಬರ್ ಕೇಳುತ್ತಿತ್ತು. ಉತ್ತರ ಬರುವ ತನಕ ಸುದ್ದಿಯನ್ನು ಮೇಜಿಗೆ ಬಿಡದೆ ಬೇರೆ ಕಡೆ ತಡೆದಿಡುತ್ತಿತ್ತು.

ಯಲಬುರ್ಗಾಕ್ಕೆ ಆ ವರ್ಷ ಹೊಸ ಕಂಪ್ಯೂಟರ್ ಮಂಜೂರಾಗಲಿಲ್ಲ. ಇದ್ದದ್ದರಲ್ಲಿ ಹೊಸ ಪ್ರೋಗ್ರಾಂ ಓಡುತ್ತಿರಲಿಲ್ಲ. ಅಲ್ಲಿನ ವರದಿಗಾರರು ನಮ್ಮೆಲ್ಲರಿಗಿಂತ ಹಿರಿಯರು, ಬಸ್ಸಿನ ಲಕೋಟೆಯ ಕಾಲದಿಂದ ಬರೆಯುತ್ತಿದ್ದವರು. ಅವರೇನೂ ಬೇಸರ ಮಾಡಿಕೊಳ್ಳಲಿಲ್ಲ. ತಮ್ಮ ಕೈ ಹಳೆಯದಕ್ಕೇ ಕುಳಿತಿದೆ, ಇರಲಿ ಬಿಡಿ ಎಂದರು. ಆದ್ದರಿಂದ ಮೇಡಂ ಸರ್ವರ್ ಒಳಗೆ ಒಂದು ದುಭಾಷಿ ಪ್ರೋಗ್ರಾಂ ಕೂರಿಸಿದಳು. ಯಲಬುರ್ಗಾದ ಪ್ರೋಗ್ರಾಂ ಸರ್ವರ್‌ಗೆ ಜೋಡಿಸಿಕೊಂಡಾಗ ತಾನು ಹಳೆಯ ಆವೃತ್ತಿ ಎಂದು ಹೇಳುತ್ತಿತ್ತು. ಆಗ ದುಭಾಷಿ ಎದ್ದು ಹಳೆಯ ಮಾತಿನಲ್ಲೇ ಉತ್ತರಿಸಿ, ಒಳಗೆ ಎಲ್ಲವನ್ನೂ ಹೊಸದಕ್ಕೆ ತಿರುಗಿಸುತ್ತಿತ್ತು. ಏಳನೇ ವಿಭಾಗಕ್ಕೆ ಆಕೆ ಬೇರೆ ದಾರಿಯನ್ನೇ ಬರೆದಿದ್ದಳು. ಹಳೆಯ ಪ್ರೋಗ್ರಾಂಗೆ ನಂಬರ್ ಕೇಳಿದರೆ ತಿಳಿಯುವುದಿಲ್ಲ. ಹಾಗಾಗಿ ಪ್ರಶ್ನೆ ಕೇಳದೆ ಸುದ್ದಿಯನ್ನು ನೇರ ನನ್ನ ಮೇಜಿಗೆ ಬಿಡಬೇಕು, ನಾನು ಫೋನ್ ಮಾಡಿ ವಿಚಾರಿಸಿಕೊಳ್ಳಬೇಕು.

ಗಂಗಾವತಿಯ ವರದಿಗಾರ ಇದನ್ನು ಸುಮ್ಮನೆ ಬಿಡಲಿಲ್ಲ. ಯಲಬುರ್ಗಾದ ಕನ್ನಡ ಸರ್ವರ್‌ಗೂ ತಿಳಿಯಲಿಲ್ಲವಂತೆ, ದುಭಾಷಿ ಇಡಬೇಕಾಯಿತಂತೆ ಎಂದು ತಿಂಗಳ ಸಭೆಯಲ್ಲಿ ಕೆಣಕಿದ. ಗಂಗಾವತಿಯಲ್ಲಿ ಆಂಧ್ರದಿಂದ ಬಂದು ನೆಲೆಸಿದ ರೈತರು ಬಹಳ. ಹಿರಿಯರು ಚಹಾದ ಬಟ್ಟಲಿನಿಂದ ಕಣ್ಣೆತ್ತದೆ ಹೇಳಿದರು: “ನಿಮ್ಮ ಗಂಗಾವತಿ ತೆಲುಗನ್ನ ಇಷ್ಟು ವರ್ಷ ನುಂಗೇತಿ ತಮ್ಮಾ. ನಮ್ಮದೇನ್ ಗಂಟಲಾಗ ಸಿಗೂದಿಲ್ಲ.”

ಬದಲಾವಣೆಯ ಹಿಂದಿನ ದಿನ, ಭಾನುವಾರ, ಪರೀಕ್ಷೆ ನಡೆಯಿತು. ಮೂರೂ ತಾಲ್ಲೂಕಿನವರು ಒಂದೊಂದು ವಿಭಾಗಕ್ಕೆ ಒಂದೊಂದು ಸುಳ್ಳು ಸುದ್ದಿ ಕಳಿಸಬೇಕು. ಕುಷ್ಟಗಿಯಿಂದ ಕ್ರೀಡಾ ವಿಭಾಗಕ್ಕೆ ದಾಳಿಂಬೆ ಹಣ್ಣುಗಳ ಓಟದ ಸ್ಪರ್ಧೆಯ ಸುದ್ದಿ ಬಂತು. ಗಂಗಾವತಿಯಿಂದ ಎತ್ತಿನ ಬಂಡಿ ಹಿಂದಕ್ಕೆ ಓಡಿ ಪೊಲೀಸ್ ಜೀಪಿಗೆ ಡಿಕ್ಕಿ ಹೊಡೆಯಿತು. ಕಚೇರಿ ತುಂಬ ನಗು. ಏಳನೇ ವಿಭಾಗ ಬಂದಾಗ ನಗು ನಿಂತಿತು. ನಿಧನ ವಾರ್ತೆಗೆ ಒಂದು ಹೆಸರು ಬೇಕು, ಒಂದು ಊರು ಬೇಕು. ಬದುಕಿದವರ ಹೆಸರು ಹಾಕುವಂತಿಲ್ಲ. ಸತ್ತವರನ್ನು ಮತ್ತೊಮ್ಮೆ ಸಾಯಿಸುವಂತಿಲ್ಲ. ಯಾವುದೋ ಹೆಸರು ಕಟ್ಟಿದರೆ, ಆ ಹೆಸರಿನವರು ಎಲ್ಲೋ ಒಬ್ಬರಾದರೂ ಇದ್ದೇ ಇರುತ್ತಾರೆ. ಗಂಗಾವತಿಯವನು ಗಿರಣಿ ಮಾಲೀಕರ ಪ್ರಕರಣ ಇನ್ನೂ ಮರೆತಿರಲಿಲ್ಲ, ತಾನು ಮುಟ್ಟುವುದಿಲ್ಲ ಎಂದ. ಕುಷ್ಟಗಿಯವನೂ ಒಲ್ಲೆ ಎಂದ.

ಮೇಡಂ ಯಲಬುರ್ಗಾಕ್ಕೆ ಫೋನ್ ಮಾಡಿದಳು. ಹಳೆಯ ಪ್ರೋಗ್ರಾಂ ಇರುವುದು ಅಲ್ಲೊಂದೇ ಕಡೆ, ಅಲ್ಲಿಂದ ಒಂದಾದರೂ ಬರಬೇಕಿತ್ತು. ಆ ಕಡೆಯಿಂದ ಹಿರಿಯರು ಆಡಿದ ಮಾತು ಸ್ಪೀಕರಿನಲ್ಲಿ ನಮಗೆಲ್ಲ ಕೇಳಿಸಿತು.

“ತಂಗೆವ್ವ, ಮನ್ಯಾಗ ಆಕಿ ಮಲಗ್ಯಾಳ. ಆ ಜಾಗಾದಾಗ ಸುಳ್ಳು ಹೆಸರು ಹ್ಯಾಂಗ ಹೊಡೀಲಿ? ಖರೇನ ಬಂದಾಗ ನೋಡೋಣಂತ.”

ಅವರ ಹೆಂಡತಿ ಆರೇಳು ತಿಂಗಳಿಂದ ಹಾಸಿಗೆ ಹಿಡಿದಿದ್ದರು. ನಮಗೆಲ್ಲ ಗೊತ್ತಿತ್ತು. ನಾವು ಯಲಬುರ್ಗಾದ ಮನೆಗೆ ಫೋನ್ ಮಾಡಿದಾಗೆಲ್ಲ ಮೊದಲು ಮಾತಾಡುತ್ತಿದ್ದವರು ಅವರು. ಇವತ್ತು ನಮ್ಮೂರಿನದು ಎಷ್ಟನೇ ಪುಟದಲ್ಲಿದೆ ಎಂದು ನಮ್ಮನ್ನೇ ವಿಚಾರಿಸಿ ಆಮೇಲೆ ಗಂಡನಿಗೆ ಕೊಡುತ್ತಿದ್ದರು. ಮೇಡಂ ಒತ್ತಾಯಿಸಲಿಲ್ಲ. ಯಾರೂ ಒತ್ತಾಯಿಸಲಿಲ್ಲ. ಉಳಿದ ಏಳು ವಿಭಾಗಗಳ ಮುಂದೆ ಸರಿ ಗುರುತು ಬಿತ್ತು. ಏಳನೆಯದರ ಮುಂದೆ ಜಾಗ ಖಾಲಿ ಉಳಿಯಿತು. ಮಂಗಳವಾರ ಕುಷ್ಟಗಿಯಿಂದ ನಿಜವಾದ ಒಂದು ನಿಧನ ವಾರ್ತೆ ಹೊಸ ಪ್ರೋಗ್ರಾಂನಲ್ಲಿ ಬಂತು, ನಂಬರ್ ಸಮೇತ. ಅದರೊಂದಿಗೆ ಆ ವಿಷಯ ಮುಗಿಯಿತು ಎಂದುಕೊಂಡೆವು.

ಆ ವಾರ ಗುರುವಾರ ಮಧ್ಯಾಹ್ನ ಅವರ ಹೆಂಡತಿ ತೀರಿಕೊಂಡರು.

ಮುಂದಿನದನ್ನು ಅವರ ದೊಡ್ಡ ಮಗಳು ನನಗೆ ಆಮೇಲೆ ಹೇಳಿದ್ದು. ತಾಯಿಗೆ ಹುಲಿಹೈದರದಲ್ಲಿ ಒಬ್ಬನೇ ಅಣ್ಣ. ಈ ಮಗಳನ್ನು ತನ್ನ ಮಗನಿಗೆ ತಂದುಕೊಳ್ಳಬೇಕೆಂದು ಅವನು ಅವಳ ತೊಟ್ಟಿಲ ದಿನದಿಂದ ಹೇಳುತ್ತ ಬಂದಿದ್ದ. ಇವರು ಕುಕನೂರಿಗೆ ಕೊಟ್ಟರು. ಲಗ್ನಪತ್ರಿಕೆ ಹಿಡಿದು ಹೋದವರನ್ನು ಅವನು ಕಟ್ಟೆಯ ಮೇಲಿನಿಂದಲೇ ತಿರುಗಿ ಕಳಿಸಿದ. ಆಮೇಲೆ ರಾಜಿ ಮಾಡಿಸಲು ಹೋದ ಊರ ದೊಡ್ಡವರಿಗೂ ಅದೇ ಆಯಿತು. ಮಾತು ನಿಂತು ಒಂಬತ್ತು ವರ್ಷ. ತಾಯಿ ಹಾಸಿಗೆಯಲ್ಲಿದ್ದಾಗ, ತಾನು ಹೋದರೆ ಹುಲಿಹೈದರಕ್ಕೆ ಆಳು ಕಳಿಸಬೇಡಿ ಎಂದು ಕಟ್ಟುನಿಟ್ಟಾಗಿ ಹೇಳಿದ್ದರು.

“ಪೇಪರಿನ್ಯಾಗ ಹಾಕ್ರಿ. ಅಣ್ಣ ಓದಿ ತಾನ ಬರತಾನ. ಕರದ್ರ ಬಂದ ಅಂತ ಅವಗ ಆಗೂದಿಲ್ಲ, ಕರೀಲಿಲ್ಲ ಅನ್ನೋ ಮಾತು ನಿಮಗ ಬರೂದಿಲ್ಲ.”

ಆಕೆಗೆ ಬೇಕಿದ್ದುದು ತವರಿನ ಸೀರೆ. ಮುತ್ತೈದೆಯಾಗಿ ಸತ್ತವಳಿಗೆ ತವರು ಮನೆಯವರು ಹಸಿರು ಸೀರೆ ತಂದು ಹೊದಿಸಿ, ಉಡಿ ತುಂಬಿ ಕಳಿಸಬೇಕು. ಆ ಸೀರೆ ಮಣ್ಣಾಗುವುದಕ್ಕೆ ಮುಂಚೆ ಬರಬೇಕು.

ಹಿರಿಯರು ಹೆಂಡತಿಯ ಬಳಿ ಮಕ್ಕಳನ್ನು ಕೂರಿಸಿ, ಬಸ್ ನಿಲ್ದಾಣದ ಹತ್ತಿರ ಕಂಪ್ಯೂಟರ್ ಇಟ್ಟಿದ್ದ ನಮ್ಮ ಪತ್ರಿಕೆಯ ಬಾಡಿಗೆ ಕೋಣೆಗೆ ನಡೆದು ಹೋದರು. ಸುದ್ದಿ ಟೈಪು ಮಾಡಿ ಏಳನೇ ವಿಭಾಗಕ್ಕೆ ಕಳಿಸಿದರು. ಪರದೆಯ ಮೇಲೆ ‘ಮುಟ್ಟಿತು’ ಎಂದು ಬಂತು. ನನಗೆ ಫೋನ್ ಮಾಡಲಿಲ್ಲ. ಸ್ವಂತ ಮನೆಯ ಸುದ್ದಿಗೆ ಮೇಜಿನವರಲ್ಲಿ ಶಿಫಾರಸು ಹೇಳಬಾರದು, ಊರವರ ಸುದ್ದಿ ಹೋಗುವ ದಾರಿಯಲ್ಲೇ ಅದೂ ಹೋಗಬೇಕು ಎಂಬುದು ಅವರ ಕಟ್ಟಳೆ. ಹೊಸದಾಗಿ ಸೇರಿದ ವರದಿಗಾರರಿಗೆಲ್ಲ ಅವರು ಹೇಳಿಕೊಡುತ್ತಿದ್ದ ಮೊದಲ ಮಾತೂ ಅದೇ. ಮನೆಗೆ ಬಂದು, ನಾಳೆ ಬರುತ್ತದೆ ಎಂದಷ್ಟೇ ಹೇಳಿದರು. ಮಣ್ಣು ಶುಕ್ರವಾರ ಮಧ್ಯಾಹ್ನಕ್ಕೆ ಎಂದು ನಿಶ್ಚಯವಾಯಿತು.

ಶುಕ್ರವಾರ ಬೆಳಿಗ್ಗೆ ಕೊಪ್ಪಳದಿಂದ ಮೊದಲ ಬಸ್ಸಿನಲ್ಲಿ ಪತ್ರಿಕೆಯ ಕಟ್ಟು ಇಳಿಯಿತು. ಅವರೇ ಹೋಗಿ ಬಿಚ್ಚಿ ನೋಡಿದರು. ಇರಲಿಲ್ಲ. ಮನೆಯಲ್ಲಿ, ಜಾಗ ಸಾಕಾಗಿರಲಿಕ್ಕಿಲ್ಲ ಎಂದರು.

ಆ ದಿನದ ಪತ್ರಿಕೆಯನ್ನು ನಾನು ತೆಗೆದು ನೋಡಿದ್ದೇನೆ. ಐದನೇ ಪುಟದ ಕೆಳಗೆ ಜಾಗ ಉಳಿದಿತ್ತು. ಕಾಲುವೆಯಲ್ಲಿ ಎಮ್ಮೆಗಳು ಮೀಯುವ ಚಿತ್ರವೊಂದನ್ನು ಹಾಕಿ ತುಂಬಿದ್ದೆವು.

ಮಧ್ಯಾಹ್ನವಾಯಿತು. ಹಿರಿಯರು ಇನ್ನೊಂದು ಬಸ್ಸು ನೋಡೋಣ ಎಂದರು. ಅದು ಬಂತು, ಅದರಿಂದ ಇಳಿದವರಲ್ಲಿ ಅಣ್ಣ ಇರಲಿಲ್ಲ. ಮತ್ತೊಂದು ಬಸ್ಸಿಗೂ ಕಾದರು. ಬೇಸಿಗೆಯ ಕಾವು ಇನ್ನೂ ಇಳಿದಿರಲಿಲ್ಲ, ಹೆಣ ಇಡುವಂತಿರಲಿಲ್ಲ. ಓಣಿಯವರು ಹೇಳಿ ಹೇಳಿ ಸಾಕಾಗಿ ಸುಮ್ಮನಾದರು. ಹೊತ್ತು ಮುಳುಗುವ ಮುಂಚೆ, ಮಗಳ ಪೆಟ್ಟಿಗೆಯಲ್ಲಿದ್ದ ಸೀರೆಯೊಂದನ್ನು ಹೊದಿಸಿ ಹೊಲದಲ್ಲಿ ಮಣ್ಣು ಮಾಡಿದರು.

ಯಲಬುರ್ಗಾದಿಂದ ಕೆಲವು ದಿನ ಸುದ್ದಿ ಬರಲಿಲ್ಲ. ಫೋನ್ ಲೈನ್ ಕೆಟ್ಟಿರಬೇಕು ಎಂದುಕೊಂಡೆವು. ಆ ಕಡೆಗೆ ಅದು ವಿಶೇಷವೇನಲ್ಲ. ಮುಂದಿನ ವಾರ ಮತ್ತೆ ಬರತೊಡಗಿತು. ಹೆಸರುಕಾಳಿನ ಬಿತ್ತನೆ, ಬೀಜದ ಅಂಗಡಿಯ ಮುಂದಿನ ಸಾಲು, ಪಂಚಾಯಿತಿ ಸಭೆ. ಯಾವತ್ತಿನಂತೆ ತಿದ್ದುವುದಕ್ಕೆ ಏನೂ ಇರದ ಸುದ್ದಿಗಳು.

ನಮಗೆ ಗೊತ್ತಾದದ್ದು ತಿಂಗಳ ಸಭೆಯಲ್ಲಿ. ಹಿರಿಯರು ಬಂದಿರಲಿಲ್ಲ. ಕುಷ್ಟಗಿಯ ವರದಿಗಾರ ಬಂದವನೇ ಕೂರುವ ಮುಂಚೆ ನನ್ನನ್ನು ಕೇಳಿದ: “ಯಲಬುರ್ಗಾ ಅಕ್ಕಾರ ಸುದ್ದಿ ನಮ್ಮ ಪೇಪರಿನ್ಯಾಗ ಯಾಕ್ರಿ ಬರಲಿಲ್ಲ? ಮೊನ್ನೆ ದಿವಸದ ಊಟಕ್ಕ ಹೋಗಿದ್ದೆ. ಸರ್ರ ಒಂದು ಮಾತು ಆಡಲಿಲ್ಲ.”

ನನಗೆ ಯಾವ ಸುದ್ದಿಯೂ ಬಂದಿರಲಿಲ್ಲ ಎಂದೆ. ಮೇಡಂ ಹೋಗಿ ಸರ್ವರ್ ಮುಂದೆ ಕುಳಿತಳು. ಸ್ವಲ್ಪ ಹೊತ್ತಿಗೆ ನನ್ನನ್ನು ಕರೆದಳು. ತಡೆದಿಟ್ಟ ಸುದ್ದಿಗಳ ಜಾಗದಲ್ಲಿ ಒಂದೇ ಒಂದು ಇತ್ತು. ಗುರುವಾರ ಮಧ್ಯಾಹ್ನದ್ದು. ಅದರ ಕೆಳಗೆ, ಮನೆಯವರ ಫೋನ್ ನಂಬರ್ ಕೊಡಿ ಎಂಬ ಸರ್ವರ್‌ನ ಪ್ರಶ್ನೆ ಇನ್ನೂ ತೆರೆದೇ ಇತ್ತು.

ಏಳನೇ ವಿಭಾಗಕ್ಕೆ ಆಕೆ ಬರೆದ ಬೇರೆ ದಾರಿಯಲ್ಲಿ ಒಂದು ಸಾಲು ತಪ್ಪಿತ್ತು. ಸುದ್ದಿ ನನ್ನ ಮೇಜಿಗೆ ಬರುವ ಬದಲು ನಂಬರಿಗಾಗಿ ಕಾಯುವ ಕಡೆಗೆ ಹೋಗಿತ್ತು. ಪ್ರಶ್ನೆಯನ್ನು ಯಲಬುರ್ಗಾಕ್ಕೆ ದಾಟಿಸುವಂತಿರಲಿಲ್ಲ, ಅಲ್ಲಿ ಅದು ತಿಳಿಯುತ್ತಿರಲಿಲ್ಲ. ದುಭಾಷಿ ತನಗೆ ಹೇಳಿದ್ದಂತೆ ‘ಮುಟ್ಟಿತು’ ಎಂದು ಹೇಳಿ ಲೈನ್ ಮುಚ್ಚಿತ್ತು. ಒಂದೇ ಒಂದು ಸುಳ್ಳು ನಿಧನ ವಾರ್ತೆ ಆ ದಾರಿಯಲ್ಲಿ ಹೋಗಿದ್ದರೆ ಭಾನುವಾರವೇ ಗೊತ್ತಾಗುತ್ತಿತ್ತು. ಹೊಸ ಪ್ರೋಗ್ರಾಂನವರಿಗೆ ನಂಬರ್ ಕೊಡದೆ ಮುಂದೆ ಹೋಗಲು ಆಗುತ್ತಿರಲಿಲ್ಲ. ಆದ್ದರಿಂದ ಆ ಜಾಗದಲ್ಲಿ ಯಾವತ್ತೂ ಏನೂ ಉಳಿಯುತ್ತಿರಲಿಲ್ಲ, ಅದನ್ನು ತೆರೆದು ನೋಡುವ ಕೆಲಸ ಯಾರಿಗೂ ಇರಲಿಲ್ಲ.

ಸುದ್ದಿ ಆರು ಸಾಲಿನದು. ನಮ್ಮ ಪತ್ರಿಕೆಯ ರೀತಿಯಲ್ಲೇ ಇತ್ತು. ಪಟ್ಟಣದ ನಿವಾಸಿ, ವಯಸ್ಸು, ನಿಧನರಾದರು, ಅವರಿಗೆ ಪತಿ, ಇಬ್ಬರು ಪುತ್ರಿಯರು. ಅಂತ್ಯಕ್ರಿಯೆ ಶುಕ್ರವಾರ ಮಧ್ಯಾಹ್ನ. ಮದುವೆಯಾದ ಹೆಣ್ಣಿನ ನಿಧನ ವಾರ್ತೆಯಲ್ಲಿ ನಾವು ಒಡಹುಟ್ಟಿದವರನ್ನು ಸೇರಿಸುವುದಿಲ್ಲ, ಸೇರಿಸಿದರೆ ಮೇಜಿನಲ್ಲಿ ಹೊಡೆದುಹಾಕುತ್ತೇವೆ. ಅದು ಅವರಿಗೆ ಚೆನ್ನಾಗಿ ಗೊತ್ತು. ‘ಇಬ್ಬರು ಪುತ್ರಿಯರು’ ಎಂದಾದ ಮೇಲೆ ‘ಹಾಗೂ ಹುಲಿಹೈದರದ ಅಣ್ಣ ಇದ್ದಾರೆ’ ಎಂದು ಬರೆದಿದ್ದರು.

ಮರುದಿನ ನಾನು ಮತ್ತು ಮೇಡಂ ಯಲಬುರ್ಗಾಕ್ಕೆ ಹೋದೆವು. ಹಿರಿಯರು ಬಾಡಿಗೆ ಕೋಣೆಯಲ್ಲಿ ಸುದ್ದಿ ಟೈಪು ಮಾಡುತ್ತಿದ್ದರು. ಕುಳಿತುಕೊಳ್ಳಿ ಎಂದು ವಾಕ್ಯ ಮುಗಿಸಿದರು. ಆದದ್ದನ್ನೆಲ್ಲ ಮೇಡಂ ತಾನೇ ಹೇಳಿದಳು, ನನಗೆ ಬಾಯಿ ಹಾಕಲು ಬಿಡಲಿಲ್ಲ. ಅವರು ವರದಿಗಾರರು ಕೇಳುವಂತೆ ನಡುವೆ ತಡೆಯದೆ ಕೇಳಿದರು.

“ಅಂದ್ರ ಅಲ್ಲಿ ನಂಬರ್ ಕೇಳಿತ್ತು.”

“ಹೌದ್ರಿ ಸರ.”

“ಮತ್ತ ನನಗ ಮುಟ್ಟಿತು ಅಂತ ಯಾಕ ಅಂತು?”

“ಇದಕ್ಕ ಅಷ್ಟ ತಿಳೀತಿತ್ರಿ. ಬ್ಯಾರೆ ಏನರ ಅಂದಿದ್ರ ನಿಂತಬಿಡತಿತ್ತು.”

ಅವರು ಕೀಲಿಮಣೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿದರು. ನೀವು ಕೈಬಿಟ್ಟಿರಿ ಅಂದುಕೊಂಡಿದ್ದೆ ಎಂದು ನನಗೆ ಹೇಳಿದರು. ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಅಳತೊಡಗಿದ್ದ ಮೇಡಂ ಕಡೆಗೆ ತಿರುಗಿ, “ನೀ ಹೆಸರು ಹೊಡೀರಿ ಅಂದಿದ್ದಿ ತಂಗೆವ್ವ. ನಾನ ಬ್ಯಾಡ ಅಂದೆ” ಎಂದರು.

ಈಗಲಾದರೂ ಸುದ್ದಿ ಹಾಕುತ್ತೇವೆ ಎಂದೆ. ಅಂತ್ಯಕ್ರಿಯೆ ಶುಕ್ರವಾರ ಎಂದು ಬರೆದದ್ದನ್ನು ಈಗ ಹೇಗೆ ಹಾಕುತ್ತೀರಿ ಎಂದು ಕೇಳಿದರು. ಕೊನೆಗೆ ಇತ್ತೀಚೆಗೆ ನಿಧನರಾದರು ಎಂದು ಎರಡು ಸಾಲಿಗೆ ಒಪ್ಪಿದರು. ಅಣ್ಣ ಇದ್ದಾರೆ ಎಂಬ ಮಾತನ್ನು ಉಳಿಸಬೇಕೆ ಎಂದು ಕೇಳಿದೆ. ಅವರು ಕೀಲಿಮಣೆಯನ್ನು ಮತ್ತೆ ಹತ್ತಿರ ಎಳೆದುಕೊಂಡರು. ನಾನು ಉಳಿಸಿದೆ.

ಅದು ಅಚ್ಚಾದ ದಿನವೇ ಮಧ್ಯಾಹ್ನ ಕೊಪ್ಪಳದ ಕಚೇರಿಗೆ ಒಬ್ಬರು ವಯಸ್ಸಾದವರು ಬಂದರು. ಧೋತರ, ರುಮಾಲು, ಬಗಲಲ್ಲಿ ಬಟ್ಟೆಯ ಗಂಟು. ಐದನೇ ಪುಟವನ್ನು ಮಡಚಿ ಕೈಯಲ್ಲಿ ಹಿಡಿದಿದ್ದರು. ಯಾರನ್ನು ನೋಡಬೇಕು ಎಂದು ಬಾಗಿಲಲ್ಲಿದ್ದವರು ಕೇಳಿದ್ದಕ್ಕೆ, ಇದನ್ನು ಬರೆದವರನ್ನು ಎಂದರು. ನನ್ನ ಮೇಜಿಗೆ ಬಂದು ಆ ಎರಡು ಸಾಲಿನ ಮೇಲೆ ಬೆರಳಿಟ್ಟರು.

“ಇತ್ತೀಚಿಗೆ ಅಂದ್ರ ಯಾವತ್ರಿ?”

ಹೇಳಿದೆ. ಅವರು ನಿಂತೇ ಇದ್ದರು. ಕುರ್ಚಿ ಕೊಟ್ಟರೂ ಕೂರಲಿಲ್ಲ. ನಾನು ಸರ್ವರ್ ವಿಷಯ ಹೇಳಲು ಹೋದೆ, ಅದು ಅವರಿಗೆ ಬೇಕಿರಲಿಲ್ಲ.

“ಜಡ್ಡಾಗ್ಯಾಳಂತ ಕನಕಗಿರಿ ಸಂತ್ಯಾಗ ಕೇಳಿದ್ದೆ. ಅವತ್ತಿಂದ ದಿನಾ ಮುಂಜಾನೆ ಹೋಟೆಲಿನ್ಯಾಗ ಈ ಪುಟ ಹಚ್ಚಿ ನೋಡತಿದ್ದೆ. ಇಲ್ಲ ಅಂದ್ರ ಅದಾಳ ಅಂತ ಛಾ ಕುಡಿತಿದ್ದೆ.”

ಗಂಟನ್ನು ಈ ಬಗಲಿನಿಂದ ಆ ಬಗಲಿಗೆ ಬದಲಿಸಿಕೊಂಡರು. ಆಕೆ ಹೋದ ಮೇಲೂ ಅಷ್ಟು ದಿನ ಕುಡಿದೆನಲ್ಲ ಎಂದರು. ಸೀರೆಯನ್ನು ಜಡ್ಡಿನ ಸುದ್ದಿ ಕೇಳಿದ ವಾರವೇ ಗಂಗಾವತಿಯಲ್ಲಿ ಕೊಂಡು ಇಟ್ಟಿದ್ದರಂತೆ.

ಅವರೊಂದಿಗೆ ನಾನು ಯಲಬುರ್ಗಾಕ್ಕೆ ಹೋದೆ. ಬಸ್ಸು ಕುಕನೂರಿನಲ್ಲಿ ನಿಂತಿತು. ಅಲ್ಲಿ ಹತ್ತಿದವರೊಬ್ಬರು ಗಂಟನ್ನು ಮೇಲಿಡಿ ಎಂದಾಗ, ಇರಲಿ ಎಂದರು, ಅಷ್ಟೇ. ಮನೆಯಲ್ಲಿ ಹಿರಿಯರೂ ಅವರ ಕುಕನೂರಿನ ಅಳಿಯನೂ ಎದ್ದು ನಿಂತರು. ಯಾರೂ ಯಾರನ್ನೂ ಬಯ್ಯಲಿಲ್ಲ. ಮಗಳು ನೀರು ತಂದು ಕೊಟ್ಟು ಅವರ ಕಾಲು ಮುಟ್ಟಿದಳು. ಆಮೇಲೆ ಎಲ್ಲರೂ ಹೊಲಕ್ಕೆ ಹೋದರು. ಮಣ್ಣಿನ ಮೇಲೆ ಆಗಲೇ ಒಂದು ಮಳೆ ಬಿದ್ದಿತ್ತು. ಓಣಿಯ ಹಿರಿಯಳೊಬ್ಬಳು, ತಂದದ್ದು ತಂದಿದ್ದೀರಿ, ಗೋರಿಯ ಮೇಲೆ ಹಾಸಿಬಿಡಿ ಎಂದಳು.

“ಮಣ್ಣಿಗೆ ಹೊದಿಸಾಕ ತಂದಿಲ್ಲವ್ವ” ಎಂದರು ಅಣ್ಣ.

ಸೀರೆ ಎಲ್ಲಿಡಬೇಕು ಎಂಬುದು ಬಗೆಹರಿಯಲಿಲ್ಲ. ಸತ್ತವಳಿಗೆಂದು ತಂದದ್ದನ್ನು ಮಗಳು ಉಡುವಂತಿಲ್ಲ. ಆ ಮನೆಯಲ್ಲಿ ಇಡುವಂತಿಲ್ಲ. ಒಮ್ಮೆ ಹೊರಗೆ ತಂದದ್ದನ್ನು ತಿರುಗಿ ಹುಲಿಹೈದರಕ್ಕೂ ಒಯ್ಯುವಂತಿಲ್ಲ. ಸಂಜೆಯ ಬಸ್ಸಿಗೆ ಅವರನ್ನು ಕಳಿಸಲು ಬಂದಾಗ, ಹಿರಿಯರು ನಿಲ್ದಾಣದ ಹತ್ತಿರದ ನಮ್ಮ ಕೋಣೆಯ ಬೀಗ ತೆಗೆದರು. ಅದು ಯಾರ ಮನೆಯೂ ಅಲ್ಲ. ಗಂಟನ್ನು ಕಂಪ್ಯೂಟರಿನ ಮೇಲಿನ ಹಲಗೆಯಲ್ಲಿ ಇಟ್ಟರು. ಅಣ್ಣ ಒಮ್ಮೆ ಅದನ್ನು ಗೋಡೆಯ ಕಡೆಗೆ ಒತ್ತಿ ನೋಡಿ, ಬಸ್ಸು ಹತ್ತಿದರು.

ಮೇಡಂ ಆ ಒಂದು ಸಾಲನ್ನು ಸರಿಪಡಿಸಿದಳು. ಅದನ್ನು ಪರೀಕ್ಷಿಸಲು ನಿಧನ ವಾರ್ತೆ ಬೇಕಾದಾಗ ಹಿರಿಯರೇ ಯಲಬುರ್ಗಾದಿಂದ ಒಂದನ್ನು ಕಳಿಸಿದರು. ಅವೇ ಆರು ಸಾಲು. ಅದು ನನ್ನ ಮೇಜಿಗೆ ಬಂತು. ಮರುವರ್ಷ ಯಲಬುರ್ಗಾಕ್ಕೆ ಹೊಸ ಕಂಪ್ಯೂಟರ್ ಮಂಜೂರಾಯಿತು. ಹಿರಿಯರು ಅದನ್ನು ಕೋಣೆಯ ಇನ್ನೊಂದು ಗೋಡೆಗೆ ಇರಿಸಿಕೊಂಡರು, ಹಲಗೆಯನ್ನು ಮುಟ್ಟಲಿಲ್ಲ. ಹೊಸದನ್ನು ನಿಧಾನವಾಗಿ ಕಲಿತರು. ಹಳೆಯ ಪ್ರೋಗ್ರಾಂ ಎಲ್ಲೂ ಇಲ್ಲದಿದ್ದರೂ ಸರ್ವರ್ ಒಳಗಿನ ದುಭಾಷಿಯನ್ನು ಮೇಡಂ ತೆಗೆಯಲಿಲ್ಲ.

2014ರಲ್ಲಿ ಹಿರಿಯರು ತೀರಿಕೊಂಡರು. ನಿಧನ ವಾರ್ತೆಯನ್ನು ಕುಷ್ಟಗಿಯ ವರದಿಗಾರ ಕಳಿಸಿದ. ಮನೆಯವರ ಫೋನ್ ನಂಬರ್ ಎಂದು ಬಂದದ್ದು ಹುಲಿಹೈದರದ್ದು. ನಿಯಮದಂತೆ ಫೋನ್ ಮಾಡಿದೆ. ಆ ಕಡೆಯಿಂದ, ಹೌದ್ರಿ, ಖರೇ ಐತಿ ಎಂದರು. ಸುದ್ದಿ ಮರುದಿನ ಐದನೇ ಪುಟದಲ್ಲಿ ಬಂತು.

ಮುಂದೆ ವರದಿಗಾರರೆಲ್ಲ ಮೊಬೈಲಿನಲ್ಲೇ ಸುದ್ದಿ ಕಳಿಸತೊಡಗಿದ ಮೇಲೆ ತಾಲ್ಲೂಕಿನ ಬಾಡಿಗೆ ಕೋಣೆಗಳನ್ನು ಬಿಟ್ಟುಕೊಡಲಾಯಿತು. ಯಲಬುರ್ಗಾದ ಕೋಣೆಯ ಎರಡೂ ಕಂಪ್ಯೂಟರ್‌ಗಳು ಗುಜರಿಗೆ ಹೋದವು. ಹಲಗೆಯ ಮೇಲಿದ್ದ ಗಂಟನ್ನು ಕೊಪ್ಪಳಕ್ಕೆ ತರಲಾಯಿತು. ಅದು ಈಗ ಸರ್ವರ್ ಕೋಣೆಯ ಕಪಾಟಿನ ಮೇಲಿದೆ, ಗಂಟು ಬಿಚ್ಚಿಲ್ಲ.